ಸುಂದ್ರಿ ಎದುರುಮಾತಾಡಲಿಲ್ಲ

“ಏ ಸುಂದ್ರಿ, ಇದೇನ್ ಅಕ್ಷರ? ಕೋಳಿ ಕೆದರಿದಂಗ ಐತಿ!” ಎಂದ ಯಂಕಣ್ಣ.

ಇಡೀ ಕ್ಲಾಸು ಸುಂದ್ರಿಯತ್ತ ತಿರುಗಿತು. ಈಗ ಯಂಕಣ್ಣನ ಅಕ್ಷರ, ಅವನ ಹರಿದ ಬ್ಯಾಗು, ಅವನ ಮನೆಯ ಎಮ್ಮೆ, ಯಾವುದಕ್ಕೂ ಉಳಿಗಾಲವಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಸುಂದ್ರಿ “ಹೂಂ” ಎಂದಳು. ಅಷ್ಟೇ.

ಯಂಕಣ್ಣ ಹೆದರಿಬಿಟ್ಟ. “ಸರ್, ನಾ ಏನೂ ಮಾಡಿಲ್ರಿ!”

“ನೋಡ್ರಿ, ಸುಂದ್ರಿಗಿ ಬುದ್ಧಿ ಬಂತು. ಹೊಡೀರಿ ಚಪ್ಪಾಳಿ!” ಎಂದರು ಖಂಡಪ್ಪ ಮಾಸ್ತರು.

ಸುಂದ್ರಿಯ ಬಾಯಿ ಗೋಗಿ ಊರಿಗೆಲ್ಲ ಗೊತ್ತು. ತಲೆಯ ವಿಷಯವೂ ಗೊತ್ತು. ಕೂಸಿದ್ದಾಗ ಅವಳ ತಲೆಯಲ್ಲಿ ನೀರು ತುಂಬಿಕೊಳ್ಳುತ್ತಿತ್ತು. ಕಲಬುರಗಿಯ ಡಾಕ್ಟರು ಒಳಗೊಂದು ಸಣ್ಣ ಪೈಪು ಕೂಡಿಸಿದ್ದರು. ಅದರ ಹೆಸರು ಶಂಟ್. ಹೆಚ್ಚಾದ ನೀರು ಅದರೊಳಗಿಂದ, ಕಿವಿಯ ಹಿಂದೆ ಹಾಯ್ದು, ಚರ್ಮದ ಕೆಳಗೇ ಹೊಟ್ಟೆಗೆ ಇಳಿಯುತ್ತದೆ.

“ನಿಮ್ಮ ಕೆನಾಲ್ ಹೊಲದಾಗ ಇರ್ತೈತಿ. ನಂದು ಸಾಲಿಗೂ ಬರ್ತೈತಿ” ಎಂದು ಸುಂದ್ರಿ ಬೀಗುತ್ತಿದ್ದಳು.

ಮನೆಯಲ್ಲಿ ಅಜ್ಜಿ ಮುದುಕಮ್ಮ ಹೋಳಿಗೆ ಲಟ್ಟಿಸುತ್ತಿದ್ದಳು. ಹೋದ ವಾರ ತಿಂಥಣಿಯ ಗುಡಿಗೆ ಹೋಗಿ, “ಮೌನಪ್ಪಯ್ಯಾ, ಈ ಹುಡುಗಿ ಎದುರುಮಾತು ಬಿಡಿಸಪ್ಪಾ” ಎಂದು ಹರಕೆ ಹೊತ್ತು ಬಂದಿದ್ದಳು.

“ಎರಡು ದಿನ ಆತು, ಒಂದು ಎದುರುಮಾತಿಲ್ಲ!” ಎಂದು ಪಕ್ಕದ ಮನೆಯ ಕುಬ್ರಾಬೇಗಂಗೆ ಹೇಳಿದಳು.

“ಅರೇ, ನಮ್ಮ ಪೋರಗೂ ಒಂದ್ ಹರಕಿ ಹೊರ್ರಿ ಮುದುಕಮ್ಮಾ.”

ತಟ್ಟೆಯ ಮುಂದೆ ಕುಳಿತ ಸುಂದ್ರಿ ತುಪ್ಪದ ವಾಸನೆಗೇ ಮುಖ ತಿರುಗಿಸಿದಳು. ಬೆಳಿಗ್ಗೆ ಏಳುವಾಗಲೇ ತಲೆ ಸಿಡಿಯುತ್ತಿತ್ತು. ಏನೂ ತಿನ್ನದೆಯೇ ವಾಂತಿಯಾಗಿತ್ತು. ಅವ್ವ ಅದನ್ನು ನಿನ್ನೆಯ ಮಿರ್ಚಿ ಭಜಿಯ ಮೇಲೆ ಹಾಕಿದ್ದಳು. ಕ್ಲಾಸಿನಲ್ಲೂ ಬರೀ ನಿದ್ದೆ.

ಬಿಸಿಲಿನ ತಲೆನೋವು ಸುಂದ್ರಿಗೆ ಗೊತ್ತು. ನೀರು ಕುಡಿದು ಮಲಗಿದರೆ ಹೋಗುತ್ತದೆ. ಇದು ಮಲಗಿದಷ್ಟೂ ಹೆಚ್ಚುತ್ತಿತ್ತು. ಯಂಕಣ್ಣ ಕೋಳಿ ಎಂದಾಗ ಒಂದು ಮಾತೂ ಹೊಳೆದಿರಲಿಲ್ಲ! ‘ಇವೆಲ್ಲ ಕೂಡಿ ಬಂದ್ರ ತಡ ಮಾಡಬ್ಯಾಡ, ಹೇಳಿಬಿಡು’ ಎಂದಿದ್ದರು ಡಾಕ್ಟರು.

ಹೇಳಿದರೆ ಮತ್ತೆ ಆಸ್ಪತ್ರೆ. ಮತ್ತೆ ಕೂದಲು ಬೋಳಿಸುತ್ತಾರೆ. ಅಜ್ಜಿಯಂತೂ ಎಷ್ಟು ಖುಷಿಯಾಗಿದ್ದಾಳೆ!

“ಅಜ್ಜಿ, ನನಗ ಬುದ್ಧಿ ಬಂದಿಲ್ಲ” ಎಂದಳು ಸುಂದ್ರಿ. “ಪೈಪ್ ಕಟ್ಟೈತಿ.”

ಲಟ್ಟಣಿಗೆ ನಿಂತಿತು. ಅಜ್ಜಿ ಹಿಟ್ಟಿನ ಕೈಯಲ್ಲೇ ಸುಂದ್ರಿಯ ಅಪ್ಪ ಸಾಬಣ್ಣನಿಗೆ ಫೋನ್ ಮಾಡಿದಳು. ಕುಬ್ರಾಬೇಗಂ ರಸ್ತೆಗೆ ಓಡಿ ಆಟೊ ನಿಲ್ಲಿಸಿದಳು. ಶಹಾಪುರದವರೆಗೆ ಆಟೊ, ಅಲ್ಲಿಂದ ಕಲಬುರಗಿಗೆ ಜೀಪು. ದಾರಿಯುದ್ದಕ್ಕೂ ಅಜ್ಜಿ ದೇವರ ಜೊತೆ ಜಗಳ ತೆಗೆದಳು: “ಜರಾ ಕಡಿಮಿ ಮಾಡು ಅಂದಿದ್ದೆ. ಪೂರಾ ಬಂದ್ ಮಾಡು ಅಂದಿನೇನು? ಅಕಿ ಮಾತು ಹೊಳ್ಳಿ ಕೊಡು!”

ಕಲಬುರಗಿಯಲ್ಲಿ ಡಾಕ್ಟರು ಸ್ಕ್ಯಾನ್ ಮಾಡಿಸಿ, ಕಟ್ಟಿಕೊಂಡಿದ್ದ ಪೈಪು ಬದಲಿಸಿದರು. “ಜಲ್ದಿ ಹೇಳಿದಿ, ಛಲೋ ಆತು” ಎಂದರು.

ಕೆಲವು ದಿನಗಳ ಮೇಲೆ ಅಜ್ಜಿ ಪಕ್ಕದ ಬೆಡ್ಡಿನವರಿಗೆ ಇದೇ ಹರಕೆಯ ಕತೆಯನ್ನು ಮತ್ತೊಮ್ಮೆ ಶುರು ಮಾಡಿದಳು.

“ಸಾಕ್ ಮಾಡಜ್ಜಿ, ನಿನ್ನ ಮಾತಿಗೆ ತಲಿ ನೋಯಾಕತ್ತೈತಿ!” ಎಂದಳು ಸುಂದ್ರಿ.

“ಡಾಕ್ಟ್ರೇ! ನರ್ಸಮ್ಮಾ!” ಅಜ್ಜಿ ಎದ್ದು ಓಡಿದಳು. ಒಂದು ಚಪ್ಪಲಿ ಬೆಡ್ಡಿನ ಕೆಳಗೇ ಉಳಿಯಿತು.

“ಏ ಅಜ್ಜಿ! ಚಾಷ್ಟಿ ಮಾಡಿದೆ!”

ಅಜ್ಜಿ ಬಾಗಿಲಲ್ಲೇ ನಿಂತಳು. ಬೈಯಲಿಲ್ಲ. ಮೆಲ್ಲಗೆ ಬಂದು ಸ್ಟೂಲಿನ ಮೇಲೆ ಕುಳಿತಳು. ಸುಂದ್ರಿಯ ತಲೆಯ ಪಟ್ಟಿ ಮುಟ್ಟಿ ನೋಡಿದಳು, ಮತ್ತೊಮ್ಮೆ ಮುಟ್ಟಿ ನೋಡಿದಳು.

ಸುಂದ್ರಿಯ ಬಾಯಿಗೆ ಇನ್ನೊಂದು ಚೇಷ್ಟೆಯ ಮಾತು ಬಂದಿತ್ತು. ನುಂಗಿಕೊಂಡಳು. ಗೋಡೆಯ ಕಡೆ ಸರಿದು, ಬೆಡ್ಡಿನಲ್ಲಿ ಅಜ್ಜಿಗೆ ಜಾಗ ಮಾಡಿಕೊಟ್ಟಳು.