ತಂಬಿಗೆಯ ಗುಲಾಬಿಗಳು

“ನನ್ನ ಮಗಳು ಕೊಂದಿಲ್ಲ ತಾಯಿ,” ಎಂದು ಓಬಯ್ಯ ಹೊಸ್ತಿಲ ಹೊರಗೇ ನಿಂತುಬಿಟ್ಟ. ಗಣಪಯ್ಯ ಬಾಗಿಲ ಬಳಿಗೆ ಕುರ್ಚಿ ಎಳೆದು, ಕೈಹಿಡಿದು ಕೂರಿಸಿದರು. ಆ ಕೈ ತಣ್ಣಗಿತ್ತು.

ಪೊಲೀಸ್ ಇಲಾಖೆಯಿಂದ ನಿವೃತ್ತರಾಗಿ ಶಿವಮೊಗ್ಗದ ಕೋಟೆ ಪ್ರದೇಶದಲ್ಲಿ ನೆಲೆಸಿದ್ದ ಪ್ರಿಯದರ್ಶಿನಿಯವರನ್ನು ಹುಡುಕಿಕೊಂಡು ಇಂಥವರು ಬರುತ್ತಲೇ ಇದ್ದರು. ಅವರ ಪತ್ತೇದಾರಿಕೆಗೆಲ್ಲ ಹೊರಡುತ್ತಿದ್ದುದು ಪಕ್ಕದ ಮನೆಯ ಗಣಪಯ್ಯನವರ ಹಳೆಯ ಕಾರು.

ಓಬಯ್ಯನ ಮಗಳು ಧನಲಕ್ಷ್ಮಿ ಭದ್ರಾವತಿಯ ನ್ಯೂ ಟೌನಿನಲ್ಲಿ ಮಹಾಂತಮ್ಮ ಎಂಬ ವೃದ್ಧೆಯನ್ನು ಹಗಲು ನೋಡಿಕೊಳ್ಳುತ್ತಿದ್ದಳು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚುವುದು ಬೆಳಿಗ್ಗೆ ಅವಳ ಕೆಲಸ, ರಾತ್ರಿ ಮೊಮ್ಮಗ ವೀರೇಂದ್ರನದು. ಮೊನ್ನೆ ಮಹಾಂತಮ್ಮ ಹಾಸಿಗೆಯಲ್ಲೇ ತೀರಿಕೊಂಡಿದ್ದರು. ಇನ್ಸುಲಿನ್ ಹೆಚ್ಚಾಗಿದೆ ಎಂದರು ವೈದ್ಯರು. ಮದುವೆ ಮಂಟಪಗಳಿಗೆ ಹೂವಿನ ಅಲಂಕಾರ ಮಾಡುವ ವೀರೇಂದ್ರ ಅಂದು ನಸುಕಿಗೆ ಮುಂಚೆಯೇ ವ್ಯಾನಿನಲ್ಲಿ ಹೊರಟಿದ್ದ. ಅಜ್ಜಿಯೋ ದಿನವೂ ಬೆಳಕಾದ ಮೇಲೆ ಅಂಗಳದ ಗುಲಾಬಿ ಕೊಯ್ದು ತಂದೇ ಲಿಂಗಪೂಜೆಗೆ ಕೂರುವವರು. ಅಂದೂ ದೇವರ ಕೋಣೆಯಲ್ಲಿ ತಾಜಾ ಗುಲಾಬಿಗಳಿದ್ದವು. ಅಂದರೆ ಬೆಳಕಾದ ಮೇಲೂ ಅವರು ಬದುಕಿದ್ದರು ಎಂಬುದು ಪೊಲೀಸರ ಲೆಕ್ಕ. ಆಗ ಮನೆಯಲ್ಲಿದ್ದವಳು ಧನಲಕ್ಷ್ಮಿ ಒಬ್ಬಳೇ ಎಂದು ಅವಳನ್ನು ಹಿಡಿದೊಯ್ದಿದ್ದರು.

“ಹಿಂದಿನ ಸಂಜೆ ಊಟ ಮಾಡಿಸಿಯೇ ಬಂದಿದ್ಲು ತಾಯಿ, ಅಷ್ಟು ಪ್ರೀತಿ. ಬೆಳಿಗ್ಗೆ ಹೋದಾಗ ಅಮ್ಮ ಮಲಗಿದಾರೆ ಅಂತ ಶಾಲು ಹೊದಿಸಿದ್ಲಂತೆ. ಸತ್ತೋರಿಗೆ ಚಳಿ ಆಗ್ತದಾ ಅಂತ ಸ್ಟೇಷನ್ನಲ್ಲಿ ನಗಾಡಿದ್ರು.”

ಪ್ರಿಯದರ್ಶಿನಿಯವರು ಚಪ್ಪಲಿ ಮೆಟ್ಟಿದರು.

“ಸ್ವಲ್ಪ ಬೇಗ ಓಡಿಸಿ ಮಾರಾಯ್ರೆ, ಎತ್ತು ಕಟ್ಟಿದೀರಾ?” ಎಂದು ದಾರಿಯಲ್ಲಿ ಗದರಿದರು.

“ಎತ್ತಿಗಾದ್ರೆ ಬೈದರೆ ಕೇಳ್ತದೆ,” ಎಂದರು ಗಣಪಯ್ಯ. ಹಿಂದೆ ಕೂತಿದ್ದ ಓಬಯ್ಯ ನಗಲಿಲ್ಲ.

ಮಹಾಂತಮ್ಮನ ಮನೆಯಲ್ಲಿ ಇನ್ಸ್‌ಪೆಕ್ಟರ್ ಭೈರಪ್ಪ ದೇವರ ಕೋಣೆಯ ಬೀಗ ತೆಗೆದರು. ಹಿತ್ತಾಳೆಯ ತಂಬಿಗೆಯಲ್ಲಿ ಕೆಂಪು ಗುಲಾಬಿಗಳು ಈಗಷ್ಟೇ ತಂದಿಟ್ಟಂತೆ ನಿಂತಿದ್ದವು. ಗೋಡೆಯಿಂದ ಇಳಿದ ಇರುವೆಸಾಲು ತಂಬಿಗೆಯ ಅಂಚಿಗೆ ಹತ್ತುತ್ತಿತ್ತು. ಪ್ರಿಯದರ್ಶಿನಿಯವರು ಒಂದು ಹೂವನ್ನೆತ್ತಿ ಕಾಂಡದ ತುದಿ ನೋಡಿ ಹಾಗೇ ಇಟ್ಟರು. ಅಂಗಳದ ಗಿಡಗಳಲ್ಲಿ ಅರಳಿದ್ದ ಹೂಗಳೆಲ್ಲ ಎಸಳುದುರಿಸಿ, ಬರಿಯ ತೊಟ್ಟುಗಳು ಉಳಿದಿದ್ದವು.

ವ್ಯಾನಿನ ಬಳಿ ವೀರೇಂದ್ರ ಹೂವಿನ ಬಕೆಟ್‌ಗಳನ್ನು ಜೋಡಿಸುತ್ತಿದ್ದ. ಅತ್ತೂ ಅತ್ತೂ ಕಣ್ಣು ಊದಿತ್ತು. ಆದರೂ ಗಣಪಯ್ಯನವರನ್ನು ಕಂಡು ಒಂದು ಗುಲಾಬಿಯ ಕಾಂಡವನ್ನು ನೀರಿನೊಳಗೇ ಓರೆಯಾಗಿ ಕತ್ತರಿಸಿ ಕೊಟ್ಟ. “ಮನೇಲಿ ಅಮ್ಮಂಗೆ ಕೊಡಿ ಸಾರ್. ನೀರಿಗೆ ಚೂರು ಸಕ್ಕರೆ, ನಿಂಬೆರಸ ಹಾಕಿ. ವಾರ ಆದ್ರೂ ಬಾಡಲ್ಲ.”

ಎಷ್ಟು ಒಳ್ಳೆಯ ಹುಡುಗ ಎಂದುಕೊಂಡರು ಗಣಪಯ್ಯ. ಪ್ರಿಯದರ್ಶಿನಿಯವರ ಮುಖ ಮಾತ್ರ ಕಪ್ಪಿಟ್ಟಿತು.

ಮಧ್ಯಾಹ್ನ ಎಲ್ಲರೂ ನಡುಮನೆಯಲ್ಲಿ ಸೇರಿದರು. ಧನಲಕ್ಷ್ಮಿಯನ್ನೂ ಕರೆತಂದಿದ್ದರು. ಭೈರಪ್ಪನವರೇ ಅವಳಿಗೆ ನೀರು ಕೊಟ್ಟರು.

“ಅಜ್ಜಿ ಅವತ್ತು ಹೂ ಕೊಯ್ದೇ ಇಲ್ಲ,” ಎಂದರು ಪ್ರಿಯದರ್ಶಿನಿಯವರು. “ಕೊಯ್ದಿದ್ರೆ ಗಿಡದಲ್ಲಿ ಮುರಿದ ಗುರುತು ಇರ್ತಿತ್ತು. ಎಲ್ಲವೂ ಗಿಡದಲ್ಲೇ ಅರಳಿ ಉದುರಿವೆ. ಲಿಂಗಕ್ಕೆ ಏರಿಸೋ ಹೂವನ್ನ ಕತ್ತು ಮುರಿದು ತಟ್ಟೇಲಿ ತರ್ತಾರೆ. ಉದ್ದ ಕಾಂಡ ಬಿಟ್ಟು ಓರೆಯಾಗಿ ಕತ್ತರಿಸಿ ತಂಬಿಗೇಲಿ ನಿಲ್ಲಿಸಲ್ಲ. ಬರಿ ನೀರಿಗೆ ಇರುವೆಯೂ ಬರಲ್ಲ. ಅದು ಬಕೆಟ್ಟಿನ ಸಕ್ಕರೆ ನೀರು. ನಿಮ್ಮ ಕೈ ರೂಢಿ ಬಿಡಲಿಲ್ಲ ವೀರೇಂದ್ರ.”

ವೀರೇಂದ್ರ ದೇವರ ಕೋಣೆಯ ಕಡೆಗೆ ನೋಡಿದ. “ರಾತ್ರಿ ತಡವಾಗಿ ಬಂದೆ ಮೇಡಂ. ದಿನಾ ಕೊಡೋಷ್ಟೇ ಇಂಜೆಕ್ಷನ್ ಕೊಟ್ಟೆ. ಅಜ್ಜಿ ಸುಮ್ನೆ ಕೈ ಚಾಚಿದ್ರು. ನಸುಕಿಗೆ ಮುಟ್ಟಿದ್ರೆ ತಣ್ಣಗಿದ್ರು. ನಿದ್ದೆಗಣ್ಣಲ್ಲಿ ನಾನೇ ಹೆಚ್ಚು ಚುಚ್ಚಿಬಿಟ್ನಾ ಅಂತ ಹೆದರಿಕೆ ಆಯ್ತು. ನಾನು ಹೋದ ಮೇಲೆ ಸತ್ರು ಅಂತಾದ್ರೆ ಸಾಕಿತ್ತು, ಅದಕ್ಕೇ ವ್ಯಾನಿನ ಹೂ ತಂದಿಟ್ಟೆ. ಇವಳ ಮೇಲೆ ಬರ್ತದೆ ಅಂದ್ಕೊಂಡಿರಲಿಲ್ಲ.”

“ಬಂದ ಮೇಲೂ ಬಾಯಿ ಬಿಡಲಿಲ್ಲ,” ಎಂದರು ಭೈರಪ್ಪ.

ಓಬಯ್ಯ ಎರಡೂ ಕೈ ಜೋಡಿಸಿದ. ಪ್ರಿಯದರ್ಶಿನಿಯವರು ಅವನ ಕಡೆ ನೋಡಲಿಲ್ಲ. ಇಷ್ಟಕ್ಕೇ ನಿಲ್ಲಿಸಿದರೆ ಸಾಕಿತ್ತೆಂದು ಗಣಪಯ್ಯನವರಿಗೆ ಏಕೋ ಅನಿಸಿತು. ಆದರೆ ದಿನ ಕೊಡುವಷ್ಟೇ ಕೊಟ್ಟವನನ್ನು ಕೊಲೆಗಾರನೆಂದು ಬಿಟ್ಟುಹೋಗುವಂತೆಯೂ ಇರಲಿಲ್ಲ.

“ಇನ್ಸುಲಿನ್ ಕೊಡೋದು ಊಟಕ್ಕೆ ಮುಂಚೆ,” ಎಂದರು ಪ್ರಿಯದರ್ಶಿನಿಯವರು ಬಹಳ ಮೆಲ್ಲಗೆ. “ಅವತ್ತು ಸಂಜೆ ಅಜ್ಜಿಗೆ ಊಟ ಮಾಡಿಸಿದ್ದು ನೀನಲ್ವಾ ಮಗಳೇ?”

“ಹೌದಮ್ಮ. ವೀರೇಂದ್ರಣ್ಣ ಬರೋದು ತಡ, ಅಮ್ಮಂಗೆ ಹಸಿವು ಅಂತ ನಾನೇ ಇಂಜೆಕ್ಷನ್ ಕೊಟ್ಟು ಉಣಿಸಿದೆ. ಇಂಜೆಕ್ಷನ್ ಆಗಿದೆ ಅಂತ ಅಣ್ಣಂಗೆ ಹೇಳಿ ಅಮ್ಮಾ ಅಂದೆ. ಆಯ್ತು ಮಗಾ ಅಂದ್ರು. ಪೊಲೀಸ್ರು ಬರೀ ಬೆಳಿಗ್ಗೆ ಏನಾಯ್ತು ಅಂತ ಕೇಳಿದ್ರು, ಅದಕ್ಕೆ…”

ತನ್ನ ಮಾತು ತನಗೇ ಕೇಳಿಸಿದಂತೆ ಅವಳು ಅರ್ಧಕ್ಕೇ ತಡೆದಳು. ಲೋಟ ಕೈಯಿಂದ ಜಾರಿತು.

“ಇದು ಕೊಲೆಯಲ್ಲಮ್ಮ. ಒಂದೇ ರಾತ್ರಿ ಇಬ್ಬರೂ ಪ್ರೀತಿಯಿಂದಲೇ ಕೊಟ್ಟಿದೀರಿ, ಅಜ್ಜಿ ಹೇಳೋದು ಮರೆತಿದಾರೆ,” ಎಂದರು ಪ್ರಿಯದರ್ಶಿನಿಯವರು. ಧನಲಕ್ಷ್ಮಿಗೆ ಅದು ಕೇಳಿಸಿದಂತೆ ಕಾಣಲಿಲ್ಲ.

ಸಾಕ್ಷ್ಯ ತಿರುಚಿದ್ದಕ್ಕೆ ವೀರೇಂದ್ರನನ್ನು ಕರೆದೊಯ್ದರು. “ನೀನು ಮನೆಗೆ ಹೋಗಬಹುದಮ್ಮ,” ಎಂದರು ಭೈರಪ್ಪ. ಅವಳು ಏಳಲಿಲ್ಲ. ಓಬಯ್ಯ ತನ್ನ ಟವೆಲನ್ನು ಮಗಳ ಹೆಗಲಿಗೆ ಹೊದಿಸಿದ. ಅವಳು ಅದನ್ನು ಮೆಲ್ಲಗೆ ತೆಗೆದು ಪಕ್ಕಕ್ಕಿಟ್ಟಳು.

ಮನೆಗೆ ಬಂದ ಗಣಪಯ್ಯ ಏನನ್ನೂ ಹೇಳದೆ ಗುಲಾಬಿಯನ್ನು ಹೆಂಡತಿಗೆ ಕೊಟ್ಟಿದ್ದರು. ಆಕೆ ಪಾಪ, ವೀರೇಂದ್ರನ ಮಾತು ಕೇಳಿದವರಂತೆ ಅದನ್ನು ಸಕ್ಕರೆ ನೀರಿನಲ್ಲಿಟ್ಟಿದ್ದರು. ಧನಲಕ್ಷ್ಮಿ ಊಟ ಬಿಟ್ಟಿದ್ದಾಳೆ, ಯಾರೊಂದಿಗೂ ಮಾತಾಡುತ್ತಿಲ್ಲ ಎಂದು ಓಬಯ್ಯ ಫೋನು ಮಾಡಿದ ದಿನವೂ ಅದು ಕಿಟಕಿಯಲ್ಲಿ, ಒಂದೆಸಳೂ ಉದುರದೆ, ಅರಳಿಕೊಂಡೇ ಇತ್ತು.