ತಗಡಿನ ಪೆಟ್ಟಿಗೆ, ಗಾಜಿನ ಪೆಟ್ಟಿಗೆ

ಸ್ವಿಚ್ ಹಾಕಿದಳು. ಫ್ಯಾನ್ ತಿರುಗಿತು. ಪುಟ್ಟ ದೀಪವೂ ಹತ್ತಿತು. ಪರದೆ ಮಾತ್ರ ಕಪ್ಪಗೇ ಉಳಿಯಿತು.

ಓವಿಯಾ ಮತ್ತೊಮ್ಮೆ ಸ್ವಿಚ್ ಒತ್ತಿದಳು. ಅದೇ ಕಪ್ಪು. ಹೊಸ ಕಂಪ್ಯೂಟರಿಗೆ ಆರತಿ ಎತ್ತಲೆಂದು ತಟ್ಟೆ ಹಿಡಿದು ನಿಂತಿದ್ದ ಅವಳ ಅಮ್ಮ, ಕರ್ಪೂರ ಹಚ್ಚಬೇಕೋ ಬೇಡವೋ ತಿಳಿಯದೆ ಮಗಳ ಮುಖ ನೋಡಿದರು. ಕೆಳಮನೆಯ ಮದನಗೋಪಾಲ್ ವೈರುಗಳನ್ನೆಲ್ಲ ತಾನೇ ಜೋಡಿಸಿ ಆಗಷ್ಟೇ ಮೇಜಿನಡಿಯಿಂದ ಎದ್ದು ಬಂದಿದ್ದ. ಹೊಸದಲ್ಲವೇ, ಸ್ವಲ್ಪ ಕಾಯೋಣ ಎಂದ.

ಕಾಯುವುದು ಓವಿಯಾಳ ಜಾಯಮಾನವಲ್ಲ. ಅವಳೇ ಮೇಜಿನಡಿಗೆ ತೂರಿದಳು.

"ಮದನಣ್ಣ, ಮಾನಿಟರ್ ವೈರನ್ನ ಮೇಲಿನ ಪೋರ್ಟಿಗೆ ಹಾಕಿದೀರಲ್ಲ. ಕೆಳಗಡೆ ಕಾರ್ಡಿಗೆ ಹಾಕ್ಬೇಕು ಅಂತ ಊರಿಗೆಲ್ಲ ಬೈಯೋರು ನೀವೇ."

ವೈರು ಕಿತ್ತು ಕೆಳಗೆ ತಡಕಿದಳು. ಅಲ್ಲಿ ಪೋರ್ಟೇ ಇರಲಿಲ್ಲ. ಬೆರಳು ಖಾಲಿ ಸಂದಿಯೊಳಗೆ ಹೋಯಿತು.

ಪೆಟ್ಟಿಗೆಯ ತಗಡು ಬಿಚ್ಚಿದರು. ಒಳಗೆ ವೈರುಗಳು ಜಡೆ ಹೆಣೆದಷ್ಟು ಅಚ್ಚುಕಟ್ಟು. ಎಲ್ಲವೂ ಇತ್ತು. ಎಲ್ಲಕ್ಕಿಂತ ದುಬಾರಿಯದು ಇರಲಿಲ್ಲ. ಆಟದ ಚಿತ್ರಗಳನ್ನೆಲ್ಲ ಪರದೆಗೆ ತರುವ ಗ್ರಾಫಿಕ್ಸ್ ಕಾರ್ಡ್ ಮಾಯವಾಗಿತ್ತು.

"ಅತ್ತೆ," ಎಂದಳು ಓವಿಯಾ. "ಯಾರೋ ಕದ್ದಿದಾರೆ."

ಸೋಫಾದ ಮೇಲೆ ಚಕ್ಕುಲಿ ಮುರಿಯುತ್ತಿದ್ದ ಅತ್ತೆ ಎದ್ದು ಕೈ ಒರೆಸಿಕೊಂಡರು. ಹೆಸರು ಅಂಗಯರ್‌ಕಣ್ಣಿ. ಮಧುರೈಯಲ್ಲಿ ಸಬ್ ಇನ್‌ಸ್ಪೆಕ್ಟರ್. ರಜೆಗೆಂದು ಅಣ್ಣನ ಮನೆಗೆ, ಚೆನ್ನೈಗೆ ಬಂದವರು. ಕಂಪ್ಯೂಟರ್ ಬಗ್ಗೆ ಅವರಿಗೆ ತಿಳಿದಿದ್ದು ಅಷ್ಟಕ್ಕಷ್ಟೆ. ಕಳ್ಳರ ಬಗ್ಗೆ ಹಾಗಲ್ಲ.

*

ಶನಿವಾರ ಆನ್‌ಲೈನ್ ಆಟದ ಪಂದ್ಯವಿತ್ತು. ಓವಿಯಾಳ ತಂಡ ಮೊದಲ ಬಾರಿಗೆ ರಾಜ್ಯಮಟ್ಟಕ್ಕೆ ಬಂದಿತ್ತು. ಆಡುವವರು ತಮ್ಮ ತಮ್ಮ ಮನೆಯಿಂದ, ತಮ್ಮದೇ ಯಂತ್ರದಲ್ಲಿ ಆಡಬೇಕು. ಯಂತ್ರವಿಲ್ಲದಿದ್ದರೆ ಅವಳ ಜಾಗಕ್ಕೆ ಬೇರೊಬ್ಬ ಹುಡುಗ ತಯಾರಾಗಿ ಕೂತಿದ್ದ. ಇಂದು ಗುರುವಾರ. ಬೀದಿಯ ಮಕ್ಕಳಿಗೆಲ್ಲ ಲೆಕ್ಕ ಹೇಳಿಕೊಟ್ಟು ಕೂಡಿಸಿದ ಹಣವೆಲ್ಲ ಆ ತಗಡಿನ ಪೆಟ್ಟಿಗೆಯೊಳಗಿತ್ತು. ಮತ್ತೊಂದು ಕಾರ್ಡ್ ಕೊಳ್ಳುವ ಮಾತೇ ಇಲ್ಲ.

ಬೆಳಗ್ಗೆ ಕಂಪ್ಯೂಟರ್ ಅಂಗಡಿಗಳ ಬೀದಿಯಾದ ರಿಚ್ಚಿ ಸ್ಟ್ರೀಟಿಗೆ ಮೂವರೂ ಹೋಗಿದ್ದರು. ಓವಿಯಾ, ಕಣ್ಣಿ ಅತ್ತೆ, ಮತ್ತು ಸಲಹೆಗಾರನಾಗಿ ಮದನ. ನಮ್ಮ ರಿಚ್ಚಿ ಸ್ಟ್ರೀಟಿಗೆ ಸಲಹೆಗಾರನಿಲ್ಲದೆ ಯಾರೂ ಹೋಗುವುದಿಲ್ಲ. ಹೆಣ್ಣು ನೋಡಲು ಹೋಗುವಾಗ ಸೋದರಮಾವ ಜೊತೆಗಿರುವ ಹಾಗೆ. ಮದನ ಕೊರಿಯರ್ ಆಫೀಸಿನಲ್ಲಿ ಗುಮಾಸ್ತ. ಆದರೆ ಅಯನಾವರಂನ ಆ ವಠಾರದಲ್ಲಿ ಅವನು 'ಕಂಪ್ಯೂಟರ್ ಮದನ್'. ಅವನ ಮನೆಯಲ್ಲಿ ಗಾಜಿನ ಪೆಟ್ಟಿಗೆಯ ಕಂಪ್ಯೂಟರ್ ಇತ್ತು. ಒಳಗೆ ಬಣ್ಣಬಣ್ಣದ ದೀಪ. ಕತ್ತಲಾದರೆ ಕಿಟಕಿಯಿಂದ ಬೀದಿಗೂ ಕಾಣುತ್ತಿತ್ತು.

ಓವಿಯಾಳೂ ಗಾಜಿನದೇ ಕೊಳ್ಳಬೇಕೆಂದು ಅವನ ಹಟ. ಇವಳು ತಗಡಿನದೇ ಸಾಕು ಎಂದಳು. ದೀಪ ಬೇಡ ಎಂದಳು. ಮದನ ಮುನಿಸಿಕೊಂಡು ರೋಸ್ ಮಿಲ್ಕ್ ಕುಡಿಯಲು ಹೋದ. ಅಷ್ಟರಲ್ಲಿ ಅವಳು ಇನ್ನೊಂದು ಕತ್ತರಿ ಆಡಿಸಿದಳು. ಅವನು ಹೇಳಿದ ಪ್ರೊಸೆಸರ್ ಬಿಟ್ಟು ಅದರ ಅಗ್ಗದ ತಂಗಿಯನ್ನು ಆರಿಸಿದಳು. ಉಳಿದ ಹಣಕ್ಕೆ ಒಂದು ಮೆಟ್ಟಿಲು ಮೇಲಿನ ಕಾರ್ಡ್ ಸಿಕ್ಕಿತು. ಅಂಗಡಿಯ ಚೊಕ್ಕಲಿಂಗಂ ಅವಳಿಗೆ ಕೈಮುಗಿದರು.

ಅಂಗಡಿಯಲ್ಲೇ ಜೋಡಿಸಿ ಹಚ್ಚಿ ನೋಡಿದಾಗ ಚಿತ್ರ ಚೆನ್ನಾಗಿ ಬಂದಿತ್ತು. ಎಲ್ಲರೂ ನೋಡಿದ್ದರು. ಹಾಗಾದರೆ ಕಾರ್ಡ್ ಹೋದದ್ದು ಆಮೇಲೆ. ಅಲ್ಲಿನ ಕೆಲಸಗಾರ ದಿಲ್ಲಿಬಾಬು ಪೆಟ್ಟಿಗೆಯನ್ನು ಹಿಂದಿನ ಕೋಣೆಗೆ ಒಯ್ದು ಪ್ಯಾಕ್ ಮಾಡಿದ್ದ. ನಂತರ ಅದು ಏಳುಮಲೈಯ ಆಟೋದ ಹಿಂಭಾಗದಲ್ಲಿ ಬಂತು. ವಠಾರ ಮುಟ್ಟಿದಾಗ ರಾಹುಕಾಲ. ಹೊಸ ವಸ್ತು ಹೊಸ್ತಿಲು ದಾಟಕೂಡದೆಂದು ಓವಿಯಾಳ ಅಮ್ಮ ಮೆಟ್ಟಿಲ ಮೇಲೆ ಅಡ್ಡ ನಿಂತರು. ಪೆಟ್ಟಿಗೆ ಕೆಳಗೆ ಮದನನ ಮನೆಯ ಹಜಾರದಲ್ಲಿ ಕೂತಿತು. ಅವನ ತಾಯಿ ಅಲ್ಲೇ ಟೀವಿ ನೋಡುತ್ತಿದ್ದರು. ಇವರು ಮೇಲೆ ಹೋಗಿ ಊಟ ಮಾಡಿದರು. ಕೆಟ್ಟ ಹೊತ್ತು ಕಳೆದ ಮೇಲೆ ಮದನನೇ ಪ್ಯಾಕು ಬಿಚ್ಚಿ ಹೊತ್ತು ತಂದ.

"ಅಂಗಡಿಯವರದೇ ಕೆಲಸ," ಎಂದ ಮದನ. "ಹಿಂದಿನ ರೂಮಿಗೆ ತಗೊಂಡು ಹೋದಾಗಲೇ ನಂಗೆ ಅನುಮಾನ ಬಂದಿತ್ತು. ಇಲ್ಲಾ ಅಂದ್ರೆ ಆ ಆಟೋದವನು."

ಅತ್ತೆ ಬಾಗಿಲ ಕಡೆ ನಡೆದರು. ಚಪ್ಪಲಿ ಮೆಟ್ಟಿಕೊಂಡರು.

*

ಏಳುಮಲೈ ಬೀದಿ ತುದಿಯ ಸ್ಟ್ಯಾಂಡಿನಲ್ಲೇ ಸಿಕ್ಕಿದ. ಪೊಲೀಸು ಎಂದ ಕೂಡಲೇ ಮುಖ ಬಾಡಿತು. ಸೀಟಿನ ಹಿಂದೆ ಹಳೇ ಬಟ್ಟೆಯಲ್ಲಿ ಸುತ್ತಿದ, ಮೊಳದುದ್ದದ ಏನೋ ಒಂದಿತ್ತು. ಅವನು ಅದಕ್ಕೆ ಅಡ್ಡ ನಿಂತ. ಓವಿಯಾ ಅವನನ್ನು ದಾಟಿ ಕೈ ಹಾಕಿ ಎಳೆದಳು.

ಬಟ್ಟೆಯೊಳಗಿನಿಂದ ಒಂದು ವಂಜರಂ ಮೀನು ಅವಳನ್ನು ದಿಟ್ಟಿಸಿತು.

"ಹೆಂಡ್ತಿ ಇವತ್ತು ಗುರುವಾರದ ಉಪವಾಸ ಅಂತಾಳೆ ಮೇಡಂ," ಎಂದ ಏಳುಮಲೈ ತಲೆ ಕೆರೆಯುತ್ತ. "ಮನೆಗೆ ತರಬೇಡ ಅಂದಿದ್ಲು. ಅಕ್ಕನ ಮನೇಲಿ ಹುರಿಸ್ಕೊಂಡು ತಿನ್ನೋಣ ಅಂತಿದ್ದೆ. ಅವಳಿಗೆ ಹೇಳ್ಬೇಡಿ."

ದಾರಿಯಲ್ಲಿ ಎಲ್ಲೂ ನಿಲ್ಲಿಸಲಿಲ್ಲ ಎಂದ. ಅದು ನಿಜ, ಅತ್ತೆಯೂ ಅದೇ ಆಟೋದಲ್ಲಿದ್ದರು. ಪೆಟ್ಟಿಗೆಗೆ ಅಂಟಿಸಿದ ಟೇಪೂ ದಾರಿಯುದ್ದಕ್ಕೂ ಹಾಗೇ ಇತ್ತು. ಓವಿಯಾ ಮೀನು ವಾಪಸು ಕೊಟ್ಟು ಕೈ ಮೂಸಿ ಮುಖ ಸಿಂಡರಿಸಿದಳು. ಅದೇ ಆಟೋದಲ್ಲಿ ರಿಚ್ಚಿ ಸ್ಟ್ರೀಟಿಗೆ ಹೊರಟರು. ಮೀನೂ ಜೊತೆಗೆ ಬಂತು.

*

ಚೊಕ್ಕಲಿಂಗಂ ಸಿಟ್ಟಾಗಲಿಲ್ಲ. ನಕ್ಕರು. ದಿಲ್ಲಿಬಾಬು ಮಾತ್ರ ಉಗುರು ಕಚ್ಚುತ್ತ ನಿಂತ.

"ಮೇಡಂ, ನಾವೇ ಕದಿಯೋರಾಗಿದ್ರೆ ಇಷ್ಟು ಪೆದ್ದರ ಥರ ಕದೀತೀವಾ? ಪಾಪು ಆರಿಸಿದ ಪ್ರೊಸೆಸರಿಗೆ ತಾನಾಗಿ ಚಿತ್ರ ತೋರಿಸೋ ಶಕ್ತಿ ಇಲ್ಲ. ಅದಕ್ಕೇ ಅದು ಅಗ್ಗ. ಕಾರ್ಡ್ ತೆಗೆದ್ರೆ ಒಂದು ಚುಕ್ಕೆನೂ ಕಾಣಲ್ಲ. ಸ್ವಿಚ್ ಹಾಕಿದ ತಕ್ಷಣ ನೀವು ಬಂದು ನಮ್ಮ ಕುತ್ತಿಗೆ ಪಟ್ಟಿ ಹಿಡೀತೀರ. ಹಿಡಿದಿದೀರಲ್ಲ ಈಗ."

"ಬೇರೆ ಪ್ರೊಸೆಸರ್ ಆಗಿದ್ರೆ?" ಎಂದು ಅತ್ತೆ ಕೇಳಿದರು.

ಉತ್ತರ ಹೇಳಿದ್ದು ದಿಲ್ಲಿಬಾಬು. "ದುಬಾರಿದಾಗಿದ್ರೆ ಕಾರ್ಡ್ ಇಲ್ದೇನೂ ಚಿತ್ರ ಬರುತ್ತೆ ಮೇಡಂ. ಹಿಂದೆ ಮೇಲಿನ ಪೋರ್ಟಿಂದ. ಆಟ ಮಾತ್ರ ಎತ್ತಿನಗಾಡಿ ಥರ ಓಡುತ್ತೆ."

ಕಾರ್ಡ್ ಬಿಚ್ಚಲು ಎಷ್ಟು ಹೊತ್ತು ಬೇಕೆಂದು ಅತ್ತೆ ವಿಚಾರಿಸಿದರು. ಅವನು ಅಲ್ಲೇ ಇದ್ದ ಯಂತ್ರವೊಂದರಲ್ಲಿ ಬಿಚ್ಚಿ ತೋರಿಸಿದ. ಒಂದು ಸ್ಕ್ರೂ, ಒಂದು ಕೊಂಡಿ, ಒಂದು ವೈರು. ಗೊತ್ತಿದ್ದವನಿಗೆ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತೂ ಬೇಡ. ಗೊತ್ತಿಲ್ಲದವನು ಏನಾದರೂ ಮುರಿದಿರುತ್ತಾನೆ.

ಅತ್ತೆ ನಕ್ಕರು. ಓವಿಯಾಳಿಗೆ ಮೈ ಉರಿಯಿತು. ತನ್ನ ಪ್ರಾಣ ಹೋಗುತ್ತಿರುವಾಗ ಇವರಿಗೆ ನಗು. ಅವರು ರೋಸ್ ಮಿಲ್ಕ್ ಕುಡಿಸಿ ಅವಳನ್ನು ಮನೆಗೆ ಕರೆತಂದರು.

*

ಸಂಜೆ ಅತ್ತೆ ಮದನನ ಮನೆಯ ಬಾಗಿಲು ತಟ್ಟಿದರು. ಜೊತೆಗೆ ಓವಿಯಾ, ಅವಳ ಅಮ್ಮ. ಕಾರ್ಡ್ ಎಂದರೆ ಹೇಗಿರುತ್ತದೆಂದು ನಾನು ಸರಿಯಾಗಿ ನೋಡಲೇ ಇಲ್ಲ, ನಿಮ್ಮದು ಗಾಜಿನ ಪೆಟ್ಟಿಗೆಯಲ್ಲವೇ, ತೋರಿಸಿ ಎಂದರು.

ಮದನ ಯಂತ್ರ ಕೆಟ್ಟಿದೆ ಎಂದ. ಅವನ ತಾಯಿ ಒಳಗಿನಿಂದ ಬಂದರು.

"ಕೆಟ್ಟಿದ್ಯಂತೆ ಕೆಟ್ಟಿದೆ. ದಿನವೆಲ್ಲ ದೀಪಾವಳಿ ಥರ ಬೆಳಗಿಸ್ಕೊಂಡು ಕೂರ್ತಿದ್ದ. ಇವತ್ತು ಮಧ್ಯಾಹ್ನದಿಂದ ನನ್ನ ಹಳೇ ಸೀರೆ ಹೊದಿಸಿದಾನೆ. ಧೂಳಂತೆ."

"ಮಧ್ಯಾಹ್ನ ನೀವು ಟೀವಿ ನೋಡ್ತಿದ್ರಿ ಅಲ್ವಾಮ್ಮ?"

"ಎಲ್ಲಿ ನೋಡ್ದೆ. ಟೀವಿನೇ ನನ್ನ ನೋಡ್ತಿತ್ತು. ಊಟ ಆದ್ಮೇಲೆ ಕಣ್ಣು ಬಿಡೋಕೆ ಆಗಲ್ಲ ನಂಗೆ."

ಮೂಲೆಯಲ್ಲಿ ಸೀರೆ ಹೊದ್ದ ಪೆಟ್ಟಿಗೆ ಮದುಮಗಳಂತೆ ಕೂತಿತ್ತು. ಅತ್ತೆ ಸೆರಗು ಸರಿಸಿದರು. ಗಾಜಿನಾಚೆ, ಕೆಂಪು ನೀಲಿ ದೀಪಗಳ ನಡುವೆ, ಹೊಚ್ಚ ಹೊಸ ಕಾರ್ಡ್ ಮಿನುಗುತ್ತಿತ್ತು. ಮಹಡಿಯ ಮೇಲಿನ ಮನೆಯಲ್ಲಿ ಅದರ ಖಾಲಿ ಡಬ್ಬ ಇನ್ನೂ ಇತ್ತು. ಓವಿಯಾ ಓಡಿಹೋಗಿ ತಂದಳು. ಡಬ್ಬದ ಮೇಲಿನ ನಂಬರೂ ಕಾರ್ಡಿನ ಮೇಲಿನ ನಂಬರೂ ಒಂದೇ.

ಮದನ ಕುರ್ಚಿಯ ಮೇಲೆ ಕುಸಿದ.

"ಹೇಗೆ ಗೊತ್ತಾಯ್ತು?" ಎಂದ. ಆ ಹೊತ್ತಿನಲ್ಲೂ ಅವನಿಗೆ ಅದೇ ಕುತೂಹಲ.

ಅತ್ತೆ ಅವನ ಎದುರು ಕೂತರು.

"ಕಾರ್ಡ್ ಕದ್ದೋನು ತಗಡು ಮುಚ್ಚಿ, ವೈರು ಕಟ್ಟಿ, ಏನೂ ಆಗದ ಹಾಗೆ ಇಟ್ಟಿದ್ದ. ಅಂದ್ರೆ ಯಾರಿಗೂ ಗೊತ್ತಾಗಲ್ಲ ಅಂತ ನಂಬಿದ್ದ. ಕಾರ್ಡ್ ಇಲ್ದಿದ್ರೂ ಚಿತ್ರ ಬರುತ್ತೆ ಅಂದ್ಕೊಂಡಿದ್ದ. ಅಂಗಡಿಯವರು ಹಾಗೆ ಅಂದ್ಕೊಳ್ಳಲ್ಲ. ಆ ಪ್ರೊಸೆಸರ್ ಮಾರಿದೋರೇ ಅವರು. ಆಟೋದವನಿಗೆ ಕಾರ್ಡಿಗೂ ಮೀನಿಗೂ ವ್ಯತ್ಯಾಸ ಗೊತ್ತಿಲ್ಲ. ಕಂಪ್ಯೂಟರ್ ಬಲ್ಲೋನು, ಆದ್ರೆ ಈ ಹುಡುಗಿ ಕೊನೇ ಗಳಿಗೇಲಿ ಪ್ರೊಸೆಸರ್ ಬದಲಾಯಿಸಿದ್ದು ಗೊತ್ತಿಲ್ಲದೋನು ಯಾರಪ್ಪ? ರೋಸ್ ಮಿಲ್ಕ್ ಕುಡಿಯೋಕೆ ಹೋಗಿದ್ದೋನು."

ಮದನ ತಲೆ ಎತ್ತಿ ಓವಿಯಾಳನ್ನು ನೋಡಿದ. "ಬದಲಾಯಿಸಿದ್ಯಾ?"

"ಇನ್ನೊಂದು ಇದೆ," ಎಂದರು ಅತ್ತೆ. "ಮೇಲಿನ ಪೋರ್ಟಿಗೆ ವೈರು ಹಾಕೋರನ್ನ ಬೈಯೋನು ನೀನು. ಇವತ್ತು ನೀನೇ ಹಾಕಿದೆ. ಕೆಳಗೆ ಹಾಕೋಕೆ ಜಾಗ ಇಲ್ಲ ಅಂತ ನಿಂಗೊಬ್ಬನಿಗೇ ಗೊತ್ತಿತ್ತು. ಅದಕ್ಕೇ ಬೇರೆ ಯಾರನ್ನೂ ಮೇಜಿನಡಿ ಬಿಡ್ಲಿಲ್ಲ. ಚಿತ್ರ ಬಂದಿದ್ರೆ ಮುಗೀತು. ಆಟ ನಿಧಾನ ಆದಾಗ, ನನ್ನ ಮಾತು ಕೇಳ್ಲಿಲ್ಲ ನೋಡು, ಅಗ್ಗದ್ದು ತಗೊಂಡೆ ಅಂತ ನೀನೇ ಬೈತಿದ್ದೆ."

ಮದನ ಎಲ್ಲ ಒಪ್ಪಿಕೊಂಡ. ಗಾಜಿಗೂ ದೀಪಕ್ಕೂ ಹಣ ಸುರಿದು, ಒಳಗಿನ ಪವರ್ ಸಪ್ಲೈಯನ್ನು ಸಿಕ್ಕಿದ್ದು ತಂದು ಹಾಕಿದ್ದ. ಅದು ಹೋದ ತಿಂಗಳು ಹೊಗೆಯಾಡಿ ಅವನ ಕಾರ್ಡನ್ನೂ ಸುಟ್ಟುಹಾಕಿತ್ತು. ಬೇರೆ ಪವರ್ ಸಪ್ಲೈ ತಂದ. ಕಾರ್ಡಿಗೆ ಹಣವಿರಲಿಲ್ಲ. ಕಾರ್ಡಿಲ್ಲದೆ, ಮೇಲಿನ ಪೋರ್ಟಿನಿಂದಲೇ ತಿಂಗಳಿಡೀ ಕಾಲ ತಳ್ಳಿದ್ದ. 'ಕಂಪ್ಯೂಟರ್ ಮದನ್' ಅದನ್ನು ಯಾರಿಗೆ ತಾನೇ ಹೇಳಿಯಾನು? ವಠಾರದ ಹುಡುಗರು ಈಗೀಗ ಸಲಹೆ ಕೇಳಲು ಅವನನ್ನು ದಾಟಿ ಮೆಟ್ಟಿಲು ಹತ್ತುತ್ತಿದ್ದರು. ಅದೂ ಚುಚ್ಚುತ್ತಿತ್ತು.

ಅವನ ತಾಯಿ ಸೀರೆಯನ್ನೇ ಸುತ್ತಿ ಅವನ ಬೆನ್ನಿಗೆ ಒಂದು ಬಾರಿಸಿದರು. ದೂರು ಕೊಡುತ್ತೀಯಾ ಎಂದು ಅತ್ತೆ ಓವಿಯಾಳನ್ನು ಕೇಳಿದರು.

ಓವಿಯಾಳ ಕಣ್ಣಲ್ಲಿ ನೀರಿತ್ತು. ಕಾರ್ಡ್ ಹೋದಾಗಲೂ ಅವಳು ಅತ್ತಿರಲಿಲ್ಲ.

"ನಂಗೆ ಸ್ಕ್ರೂ ಡ್ರೈವರ್ ಹಿಡಿಯೋದು ಕಲಿಸಿದ್ದೇ ನೀವು. ಮೇಲಿನ ಪೋರ್ಟ್ ಯಾವ್ದು, ಕೆಳಗಿನದು ಯಾವ್ದು ಅಂತ ಹೇಳಿಕೊಟ್ಟಿದ್ದೂ ನೀವೇ. ಸುಟ್ಟೋಯ್ತು ಓವಿಯಾ ಅಂತ ಒಂದು ಮಾತು ಹೇಳಿದ್ರೆ ಪಂದ್ಯ ಮುಗಿಸಿ ಭಾನುವಾರ ನಾನೇ ಈ ಕಾರ್ಡ್ ತಂದು ಕೊಡ್ತಿದ್ದೆ, ಆಡಿ ಮದನಣ್ಣ ಅಂತ."

ಮದನ ಮುಖ ಮುಚ್ಚಿಕೊಂಡ. ಅವಳು ಸ್ಕ್ರೂ ಡ್ರೈವರ್ ಅವನ ಕೈಗಿಟ್ಟಳು. ಬಿಚ್ಚಿದೋರೇ ಹಾಕಿಕೊಡಿ, ದೂರು ಬೇಡ ಎಂದಳು.

ಅವನು ಹಾಕಿಕೊಟ್ಟ. ಮೇಜಿನಡಿ ತೂರಿ ವೈರನ್ನು ಕೆಳಗಿನ ಪೋರ್ಟಿಗೆ ಸಿಕ್ಕಿಸಿದ. ಪರದೆ ಬೆಳಗಿತು. ಓವಿಯಾಳ ಅಮ್ಮ ಕೊನೆಗೂ ಕರ್ಪೂರ ಹಚ್ಚಿದರು. ಶನಿವಾರ ಅವಳ ತಂಡ ಮೊದಲ ಸುತ್ತು ಗೆದ್ದಿತು. ಎರಡನೆಯದರಲ್ಲಿ ಮಕಾಡೆ ಮಲಗಿತು. ವಠಾರ ಎರಡಕ್ಕೂ ಪಟಾಕಿ ಹೊಡೆಯಿತು.

*

ಮುಂದಿನ ತಿಂಗಳು ಸಂಬಳವಾದ ಮೇಲೆ ಮದನ ಮತ್ತೆ ಚೊಕ್ಕಲಿಂಗಂ ಅಂಗಡಿಗೆ ಬಂದ. ಗಾಜಿನ ಪೆಟ್ಟಿಗೆಯನ್ನು ದೀಪಗಳ ಸಮೇತ ಮಾರಿ ಬಂದಿದ್ದ. ಈ ಸಲ ಸಲಹೆಗಾರ್ತಿಯಾಗಿ ಬಂದವಳು ಓವಿಯಾ. ಅಂಗಡಿಯವರು ಅಭ್ಯಾಸಬಲದಿಂದ ಹೊಸ ಗಾಜಿನ ಪೆಟ್ಟಿಗೆಯೊಂದನ್ನು ಇಳಿಸಿ, ಹಸಿರು ದೀಪ ಬೇಕೋ ನೇರಳೆ ಬೇಕೋ ಎಂದು ಕೇಳಿದರು.

ಮದನ ಅದನ್ನು ತುಸು ಹೊತ್ತು ನೋಡಿದ.

"ತಗಡಿಂದೇ ಕೊಡಿ ಅಣ್ಣ," ಎಂದ.