ಒಂದೇ ರಾತ್ರಿಗೆ ಮುಪ್ಪಾದ ಹೂವು

ಭಾನುವಾರ ಬೆಳಗ್ಗೆ ಆರೂವರೆಗೆ ಠಾಣೆಯ ಮೆಟ್ಟಿಲು ಹತ್ತಿದ ಹೂವಿನ ಸಗಟು ವ್ಯಾಪಾರಿಯ ಕೈಯಲ್ಲಿ ಒಂದು ಬಕೆಟ್ ಇತ್ತು. ಅದರ ತುಂಬ ಬಿಳಿ ಕಾರ್ನೇಶನ್. ಎಸಳುಗಳೆಲ್ಲ ಒಳಕ್ಕೆ ಮುದುಡಿಕೊಂಡಿದ್ದವು.

"ಯಾರೋ ವಿಷ ಹಾಕಿದ್ದಾರೆ ಸಾರ್. ಇವತ್ತು ಹನ್ನೊಂದಕ್ಕೆ ನನ್ನ ಮಗಳ ಮದುವೆ. ಹಾಲ್ ಅಲಂಕಾರಕ್ಕೆ ಇಟ್ಟಿದ್ದ ಹೂವು ಒಂದೂ ಉಳಿದಿಲ್ಲ."

"ಯಾರ ಮೇಲಾದರೂ ಅನುಮಾನ?" ಇನ್ಸ್‌ಪೆಕ್ಟರ್ ಕೇಳಿದರು.

"ನನಗೆ ಶತ್ರುಗಳೇ ಇಲ್ಲ ಸಾರ್." ವ್ಯಾಪಾರಿ ಅಳುತ್ತಲೇ ಕಣ್ಣೊರೆಸಿಕೊಂಡ.

ದಫೇದಾರ ಬಕೆಟ್ಟಿಗೆ ಇಣುಕಿ ನೋಡಿದ. "ಹೂವಿಗೂ ಪೋಸ್ಟ್‌ಮಾರ್ಟಂ ಮಾಡಿಸಬೇಕೇನೋ" ಎಂದು ಗೊಣಗಿದ. ಏಳು ಗಂಟೆಗೆ ಎಫ್‌ಐಆರ್ ದಾಖಲಾಯಿತು.

ಅಂಗಡಿ ಮಾರುಕಟ್ಟೆಯ ಹಿಂಬದಿಯಲ್ಲಿತ್ತು. ಮುಂದೆ ಹೂ ಕಟ್ಟುವ ಕೋಣೆ, ಅದರ ಹಿಂದೆ ದಪ್ಪ ಬಾಗಿಲಿನ ಶೀತಲ ಕೋಣೆ. ಮೊಗ್ಗುಗಳು ಬೆಳಗಾಗುವಷ್ಟರಲ್ಲಿ ಅರಳಲಿ ಎಂದು ಶನಿವಾರ ಸಂಜೆ ಹೂವನ್ನೆಲ್ಲ ಮುಂದಿನ ಕೋಣೆಗೆ ತಂದಿಟ್ಟು, ಕಿಟಕಿ ಮುಚ್ಚಿ ಬೀಗ ಹಾಕಿದ್ದರು. ಬೀಗ ಮುರಿದ ಗುರುತಿರಲಿಲ್ಲ. ಪಂಚರ ಎದುರು ಇನ್ಸ್‌ಪೆಕ್ಟರ್ ಒಂದು ಗುಲಾಬಿಯನ್ನು ಮುಟ್ಟಿದರು. ಎಸಳುಗಳು ಕೈ ತಾಗುವುದನ್ನೇ ಕಾದಿದ್ದಂತೆ ಒಟ್ಟಿಗೇ ಉದುರಿದವು. ಬಕೆಟ್ಟುಗಳ ನೀರು ತಿಳಿಯಾಗಿತ್ತು.

ಮಹಿಳಾ ಪೇದೆ ಸ್ಟೂಲು ಹತ್ತಿ ಗೋಡೆಯ ಮೇಲಿನ ಗಾಳಿಕಿಂಡಿಯನ್ನು ನೋಡಿದಳು. "ಸಾರ್, ಜಾಲರಿಯ ಒಂದು ಮೂಲೆ ಎತ್ತಿದಾರೆ. ಧೂಳಿನಲ್ಲಿ ಪೈಪು ಎಳೆದ ಗುರುತಿದೆ. ಕಿಂಡಿಯ ಹಸಿರು ಬಣ್ಣ ಕೆರೆದು ಹೋಗಿದೆ."

ಹಿಂದಿನ ಓಣಿಯ ಕೆಸರಿನಲ್ಲಿ, ಸರಿಯಾಗಿ ಆ ಕಿಂಡಿಯ ಕೆಳಗೆ, ತಟ್ಟೆಯಷ್ಟು ಅಗಲದ ದುಂಡನೆಯ ಅಚ್ಚು ಮೂಡಿತ್ತು. ಅದರ ಅಳತೆ, ಫೋಟೊ ಎಲ್ಲ ಪಂಚನಾಮೆಗೆ ಸೇರಿದವು.

ಹತ್ತು ಗಂಟೆಗೆ ತೋಟಗಾರಿಕೆ ಇಲಾಖೆಯ ಅಧಿಕಾರಿ ಬಂದರು. ಒಂದು ಕಾರ್ನೇಶನ್ ಬಿಡಿಸಿ ನೋಡಿದ ಆಕೆಗೆ ಎರಡನೆಯದು ಬೇಕಾಗಲಿಲ್ಲ.

"ವಿಷ ಅಲ್ಲ, ಇದು ಎಥಿಲಿನ್. ಗಿಡಗಳೇ ಹೊರಬಿಡೋ ಅನಿಲ. ಕಾಯಿಗೆ ಹಣ್ಣಾಗು ಅನ್ನೋದು, ಎಲೆಗೆ ಉದುರು ಅನ್ನೋದು, ಹೂವಿಗೆ ನಿನ್ನ ಕಾಲ ಮುಗೀತು ಅನ್ನೋದು, ಎಲ್ಲಾ ಇದೇ."

"ಸಾವಿನ ಗಾಳಿ ಅನ್ನಿ" ಎಂದ ದಫೇದಾರ.

"ವಯಸ್ಸಿನ ಗಾಳಿ. ಮುಚ್ಚಿದ ಕೋಣೆಗೆ ಬಿಟ್ಟರೆ ವಾರದ ಮುಪ್ಪು ಒಂದೇ ರಾತ್ರಿಗೆ ಬರುತ್ತೆ."

"ಇಲ್ಲಿ ಯಾರ ಹತ್ತಿರ ಇರುತ್ತೆ?" ಇನ್ಸ್‌ಪೆಕ್ಟರ್ ಕೇಳಿದರು.

"ಬಾಳೆಕಾಯಿ ಹಣ್ಣು ಮಾಡೋರ ಹತ್ತಿರ."

ಮಾರುಕಟ್ಟೆಯಲ್ಲಿ ಸಿಲಿಂಡರ್ ಇಟ್ಟುಕೊಂಡು ಬಾಳೆ ಮಾಗಿಸುವ ಶೆಡ್ ಒಂದೇ ಇತ್ತು. ಅದನ್ನು ನಡೆಸುವವಳನ್ನು ಹಮಾಲರಿಂದ ಹಿಡಿದು ಸಾಹುಕಾರರವರೆಗೆ ಎಲ್ಲರೂ ಬಾಳೆ ಅಕ್ಕ ಎನ್ನುತ್ತಿದ್ದರು. ಪೊಲೀಸರು ಹೋದಾಗ ಐವತ್ತು ದಾಟಿದ ಆ ಹೆಂಗಸು ಗೊನೆಗಳ ನಡುವೆ ನಿಂತು ಕಾಯಿ ಒತ್ತಿ ನೋಡುತ್ತಿದ್ದಳು. ಮೂಲೆಯಲ್ಲಿದ್ದ ಸಿಲಿಂಡರಿನ ಬುಡಕ್ಕೆ ಕೆಸರು ಅಂಟಿತ್ತು. ಪೈಪಿನ ತುದಿಯಲ್ಲಿ ಹಸಿರು ಬಣ್ಣ.

"ನಿನ್ನೆ ಸಿಲಿಂಡರ್ ಹೊರಗೆ ಹೋಗಿತ್ತಾ?"

"ಹೋಗಿತ್ತು."

"ಯಾರು ಒಯ್ದಿದ್ದು?"

"ನಾನೇ. ಕೈಗಾಡಿ ಮೇಲೆ."

"ಎಲ್ಲಿಗೆ?"

"ನಿಮಗೆ ಗೊತ್ತಿರೋ ಜಾಗಕ್ಕೆ. ಗೊತ್ತಿಲ್ಲದೆ ಇಲ್ಲಿ ತನಕ ಬರ್ತಿದ್ರಾ ಸಾರ್?"

ಇನ್ಸ್‌ಪೆಕ್ಟರ್ ಒಂದು ಖಾಲಿ ಕ್ರೇಟು ಎಳೆದುಕೊಂಡು ಕೂತರು. "ಯಾಕೆ?"

ಅವಳು ಅವರನ್ನು ಬಿಟ್ಟು ದಫೇದಾರನ ಕಡೆ ನೋಡಿದಳು. "ಅವರಿಗೆ ಗೊತ್ತು. ನನ್ನ ತಮ್ಮ ಆ ಅಂಗಡೀಲಿ ಕೆಲಸಕ್ಕಿದ್ದ. ಹೋದ ವರ್ಷ ಒಂದು ಶನಿವಾರ ಸಂಜೆ ಶೀತಲ ಕೋಣೆ ಒಳಗೆ ಸಿಕ್ಕಿಕೊಂಡ. ಸೋಮವಾರ ಬಾಗಿಲು ತೆಗೆದಾಗ ಮರಗಟ್ಟಿ ಬಿದ್ದಿದ್ದ. ಯಜಮಾನ ಏನು ಮಾಡಿದ ಗೊತ್ತಾ? ಅವನನ್ನ ದಾಟಿಕೊಂಡು ಹೋಗಿ ಮೊದಲು ಹೂವು ತೆಗೆಸಿದ. ವ್ಯಾನ್ ತುಂಬಿಸಿ ಕಳಿಸಿದ ಮೇಲೆ ಠಾಣೆಗೆ ಫೋನ್ ಮಾಡಿದ. ಆ ವ್ಯಾನ್ ಓಡಿಸಿದೋನೇ ನನಗೆ ಹೇಳಿದ್ದು."

ದಫೇದಾರ ತನ್ನ ಬೂಟು ನೋಡಿಕೊಂಡ.

"ನನ್ನ ತಮ್ಮ ಹೆಂಡ ಮುಟ್ಟಿದೋನಲ್ಲ. ಕುಡಿದು ಒಳಗೆ ಮಲಗಿದ್ದ ಅಂತ ಯಜಮಾನ ಹೇಳಿದ, ನೀವು ಬರ್ಕೊಂಡ್ರಿ. ಅವತ್ತು ಆಕಸ್ಮಿಕ ಅಂತ ಮುಗಿಸಿದ್ರಿ. ಇವತ್ತು ಹೂವು ಸತ್ತಿದ್ದಕ್ಕೆ ಬೆಳಗ್ಗೆನೇ ಎಫ್‌ಐಆರ್ ಆಯ್ತಂತೆ?"

"ಮದುವೆ ಹುಡುಗಿ ಏನು ತಪ್ಪು ಮಾಡಿದ್ಲು?" ಇನ್ಸ್‌ಪೆಕ್ಟರ್ ಕೇಳಿದರು.

"ಏನೂ ಇಲ್ಲ. ಅವರಪ್ಪನಿಗೆ ನೋಯೋ ಜಾಗ ಅದೊಂದೇ ಇತ್ತು. ಹುಡುಕೋಕೆ ವರ್ಷ ಹಿಡೀತು."

ಅವಳು ಕೈ ತೊಳೆದು, ಶೆಡ್ಡಿನ ಕೀಲಿಯನ್ನು ಹಮಾಲನ ಕೈಗೆ ಕೊಟ್ಟು, ತಾನಾಗಿಯೇ ಜೀಪು ಹತ್ತಿದಳು. ಹನ್ನೆರಡೂವರೆಗೆ ಬಂಧನವಾಯಿತೆಂದು ದಾಖಲೆಯಲ್ಲಿದೆ.

ಕಾಗದದ ಹೂಗಳ ನಡುವೆ ಮದುವೆ ನಡೆದುಹೋಯಿತು. ಆರೋಪಿ ಸಿಕ್ಕಳೆಂಬ ಸುದ್ದಿ ಕೇಳಿ ಸಂಜೆ ವ್ಯಾಪಾರಿ ಅಂಗಡಿಗೆ ಓಡಿಬಂದ. ಇನ್ಸ್‌ಪೆಕ್ಟರ್ ಅಲ್ಲೇ ಕಾಯುತ್ತಿದ್ದರು.

"ಶೀತಲ ಕೋಣೆ ನೋಡಬೇಕು. ಬನ್ನಿ ಒಳಗೆ."

ವ್ಯಾಪಾರಿ ಬಾಗಿಲು ತೆರೆದ. ಹೊಸ್ತಿಲು ದಾಟುವ ಮುಂಚೆ, ಯೋಚಿಸದೆ, ಒಂದು ಕ್ರೇಟನ್ನು ಕಾಲಲ್ಲಿ ತಳ್ಳಿ ಬಾಗಿಲಿಗೆ ಅಡ್ಡ ಇಟ್ಟ.

"ಅದ್ಯಾಕೆ?"

"ಮುಚ್ಚಿಕೊಂಡರೆ ಒಳಗಿಂದ ತೆಗೆಯೋಕೆ..." ಅವನ ಮಾತು ಅಲ್ಲಿಗೇ ನಿಂತಿತು.

"ಚಿಲಕ ಯಾವಾಗಿಂದ ಕೆಟ್ಟಿದೆ?"

ಕ್ರೇಟನ್ನು ಸರಿಸಿ, ಇನ್ಸ್‌ಪೆಕ್ಟರ್ ಒಳಗೆ ಹೋಗಿ ಬಾಗಿಲು ಮುಚ್ಚಿಸಿದರು. ಒಳಗಿನ ಹಿಡಿ ಸುಮ್ಮನೆ ತಿರುಗುತ್ತಿತ್ತು. ಅವರು ತಟ್ಟಿದ್ದು ಹೊರಗೆ ನಿಂತಿದ್ದ ಪೇದೆಗೆ ಹೆಚ್ಚುಕಡಿಮೆ ಕೇಳಿಸಲೇ ಇಲ್ಲ. ಬಾಗಿಲು ತೆರೆಸಿಕೊಂಡು ಹೊರಬಂದವರು ದಫೇದಾರನಿಗೆ ಎರಡೇ ಮಾತು ಹೇಳಿದರು: "ಪಂಚರನ್ನ ಕರೀರಿ. ಈ ಸಲ ನಾನೇ ಬರೀತೀನಿ."

ತಮ್ಮನ ಸಾವಿನ ಬಗ್ಗೆ ಬಾಳೆ ಅಕ್ಕ ಕೊಟ್ಟ ದೂರಿನ ಮೇಲೆ ಅದೇ ಸಂಜೆ ಎರಡನೇ ಎಫ್‌ಐಆರ್ ದಾಖಲಾಯಿತು. ಅವಳ ಮೇಲಿನ ಕೇಸು ಇದ್ದ ಹಾಗೇ ಇತ್ತು. ತಾಯಿ ಹೋದಾಗ ಎರಡು ವರ್ಷದವನಾಗಿದ್ದ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಇದೇ ಮಾರುಕಟ್ಟೆಯಲ್ಲಿ ಹಣ್ಣು ಮಾರಿ ಬೆಳೆಸಿದವಳು ಅವಳು. ಮದುವೆಯಾಗಲಿಲ್ಲ. ಅವಳಿಗೆ ಇದ್ದದ್ದು ಅವನೊಬ್ಬನೇ.

ಲಾಕಪ್ಪಿನ ಬಾಗಿಲಲ್ಲಿ ಅವಳು ನಿಂತಳು. "ಬೆಳಗ್ಗೆ ಹೂವು ನೋಡಿ ಆ ಯಜಮಾನ ಅತ್ತನಾ?"

ದಫೇದಾರ ತಡವರಿಸಿದ. "ಅತ್ತ, ಅಕ್ಕಾ."

"ನನ್ನ ತಮ್ಮನ ಹೆಣ ನೋಡಿ ಅತ್ತಿರಲಿಲ್ಲ" ಎಂದು ಅವಳು ಒಳಗೆ ಹೋಗಿ ಕೂತಳು.